ರಸಮಂಜರಿ ಸ್ಟೇಜಿಗೆ ಲ್ಯಾಪ್‌ಟಾಪ್ ಒಯ್ದ ಕಥೆ

ನಾನು ಕೀಬೋರ್ಡ್ ನುಡಿಸುವವನು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ಮಂಡ್ಯ, ಮದ್ದೂರು, ಮೈಸೂರು ಕಡೆ ರಸಮಂಜರಿ ಕಾರ್ಯಕ್ರಮ. ಮಿಕ್ಕ ತಿಂಗಳು ಮನೆಯ ಮಹಡಿ ಮೇಲಿನ ಪುಟ್ಟ ಕೋಣೆಯಲ್ಲಿ ರೆಕಾರ್ಡಿಂಗ್. ಭಕ್ತಿಗೀತೆ, ಜನಪದ, ಚುನಾವಣೆ ಬಂದರೆ ಪ್ರಚಾರದ ಹಾಡು.

ಆ ಕೋಣೆಯೊಳಗೆ ನನಗೆ ಯಾವ ಯಂತ್ರದ ಭಯವೂ ಇಲ್ಲ. ಹೊಸ ಸಾಫ್ಟ್‌ವೇರ್ ಸಿಕ್ಕಿತಾ, ಹಾಕಿ ನೋಡುತ್ತೇನೆ. ಕೊಳಲಿಗೆ ನಾಲ್ಕು ಥರ ರಿವರ್ಬ್ ಕೊಡುತ್ತೇನೆ. ಚೆನ್ನಾಗಿಲ್ವಾ, ಕಂಟ್ರೋಲ್ ಝಡ್. ಅದೇ ನಾನು ಸ್ಟೇಜ್ ಹತ್ತಿದರೆ ಕೀಬೋರ್ಡಿನ ಹತ್ತು ಗುಂಡಿ ಬಿಟ್ಟು ಹನ್ನೊಂದನೆಯದನ್ನು ಮುಟ್ಟುವುದಿಲ್ಲ. ‘ಸ್ಟುಡಿಯೋಲಿ ಹುಲಿ, ಸ್ಟೇಜಲ್ಲಿ ಇಲಿ’ ಅಂತ ನಮ್ಮ ಢೋಲಕ್ ಅಣ್ಣ ರೇಗಿಸುತ್ತಾರೆ. ಇಲಿ ಆಗಿದ್ದಕ್ಕೆ ಕಾರಣ ಇದೆ.

ಒಂದು ವರ್ಷ ಹಬ್ಬಕ್ಕೆ ಮುಂಚೆ ನನಗೊಂದು ಹುಚ್ಚು ಹಿಡಿಯಿತು. ಕೀಬೋರ್ಡಿನ ಒಳಗಿರುವ ವಯಲಿನ್ ಟೋನು ಸಪ್ಪೆ. ಲ್ಯಾಪ್‌ಟಾಪಿನಲ್ಲಿ ಇರುವುದು ನಿಜವಾದ ವಯಲಿನ್‌ಗಳ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿಟ್ಟ ಸ್ವರಗಳು. ಇದನ್ನೇ ಪೆಂಡಾಲಿಗೂ ಒಯ್ದರೆ ಹೇಗಿರುತ್ತೆ! ಮನೆಯಲ್ಲಿ ಒಂದು ವಾರ ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಿದೆ. ಬೆಣ್ಣೆ ಥರ ಬರುತ್ತಿತ್ತು.

ಸ್ಟೇಜಿನಲ್ಲಿ ಮೊದಲ ಹಾಡಿಗೇ ಕೈ ಎಳೆದಂತಾಯಿತು. ನಾನು ಒತ್ತುವುದು ಈಗ, ನಾದ ಬರುವುದು ಆಮೇಲೆ. ಢೋಲಕ್ ಅಣ್ಣ ತಿರುಗಿ ತಿರುಗಿ ನೋಡುತ್ತಿದ್ದಾರೆ. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಬಫರ್, ಅಂದರೆ ಲ್ಯಾಪ್‌ಟಾಪ್ ಸದ್ದನ್ನು ಹೊರಗೆ ಕಳಿಸುವ ಮುಂಚೆ ಕೂಡಿಟ್ಟುಕೊಳ್ಳುವ ಗಂಟು, 512 ಸ್ಯಾಂಪಲ್‌ಗೆ ಇತ್ತು. ಇಲ್ಲಿ ಸ್ಯಾಂಪಲ್ ಅಂದರೆ ಸದ್ದಿನ ಒಂದೊಂದು ಚೂರು. ಸೆಕೆಂಡಿಗೆ 44,100 ಸ್ಯಾಂಪಲ್ ಅಂದರೆ ಅಲ್ಲೇ ಸುಮಾರು 12 ಮಿಲಿಸೆಕೆಂಡ್ ತಡ. ಮನೆಯಲ್ಲಿ ಅಷ್ಟೇ, ಯಾಕೆಂದರೆ ಹೆಡ್‌ಫೋನ್ ಕಿವಿಗೇ ಅಂಟಿಕೊಂಡಿರುತ್ತೆ. ಪೆಂಡಾಲಿನಲ್ಲಿ ಮಾನಿಟರ್ (ನಮಗೇ ಕೇಳಿಸಲು ಇಡುವ ಸ್ಪೀಕರ್) ನನ್ನಿಂದ ನಾಲ್ಕು ಮೀಟರ್ ದೂರ ಇತ್ತು. ಗಾಳಿಯಲ್ಲಿ ಸದ್ದು ಒಂದು ಮೀಟರ್ ಬರಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ಅದು ಇನ್ನೊಂದು 12. ಒಟ್ಟು 24. ಕಾಗದದ ಮೇಲೆ ಏನೂ ಅಲ್ಲ. ಆದರೆ ತಮಟೆ ಬೀಟಿನ ಹಾಡಿಗೆ ಬಿಟ್ (ಸಾಲುಗಳ ನಡುವಿನ ವಾದ್ಯದ ತುಣುಕು) ನುಡಿಸುವಾಗ ಬೆರಳಿಗೆ ಗೊತ್ತಾಗಿಬಿಡುತ್ತೆ.

ಬಫರ್ 128ಕ್ಕೆ ಇಳಿಸಿದೆ. ಬಫರಿನ ತಡ 3 ಮಿಲಿಸೆಕೆಂಡಿಗೆ ಬಂತು. ಆದರೆ ಲೈಟಿನ ಬಿಸಿಗೆ ಕಾದ ಲ್ಯಾಪ್‌ಟಾಪ್‌ಗೆ ಉಸಿರು ಕಟ್ಟಿ, ಸ್ಪೀಕರಿನಲ್ಲಿ ಕಡಲೆಕಾಯಿ ಹುರಿದ ಹಾಗೆ ಪಟಪಟ ಸದ್ದು. ಚಾರ್ಜರ್ ಚುಚ್ಚಿದರೆ ‘ಗುಂಯ್’ ಅಂತ ಹಮ್. ಸೌಂಡಿನವರು ಬಂದು ಏನೂ ಮಾತಾಡದೆ ಚಾರ್ಜರ್ ಕಿತ್ತು ಹೋದರು. ಆಮೇಲೆ ಗೊತ್ತಾಯಿತು, ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ, ಅದನ್ನು ತಳ್ಳಿದರೆ ಇಂಥ ಹಮ್ ಬಹುಪಾಲು ಹೋಗುತ್ತೆ ಅಂತ. ಸ್ಟುಡಿಯೊದಲ್ಲಿ ಇಷ್ಟು ವರ್ಷ ಕೂತರೂ ಆ ಸ್ವಿಚ್ ನನಗೆ ಬೇಕೇ ಆಗಿರಲಿಲ್ಲ.

ನಿಜವಾದ ಮಾನ ಹೋಗಿದ್ದು ಮೂರನೇ ಊರಿನಲ್ಲಿ. ಕರೆಂಟ್ ಹೋಯಿತು, ಜನರೇಟರ್‌ಗೆ ಬದಲಾಯಿಸಿದರು. ಒಂದೇ ಒಂದು ಕ್ಷಣ ಕತ್ತಲೆ. ಮಿಕ್ಸರ್ ತಕ್ಷಣ ಬಂತು, ಮೈಕ್ ಬಂತು, ಢೋಲಕ್ ಬಂತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಲೇ ಇತ್ತು. ಆದರೆ ಅಡಾಪ್ಟರ್‌ನಲ್ಲಿ ಓಡುತ್ತಿದ್ದ, ಲ್ಯಾಪ್‌ಟಾಪಿನ ನಾದವನ್ನು ಮಿಕ್ಸರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸ್ ಆರಿ ಹೊತ್ತಿಕೊಂಡಿತ್ತು. ಪರದೆ ಮೇಲೆ ‘ಡಿವೈಸ್ ಸಿಗುತ್ತಿಲ್ಲ’ ಅಂತ ಚೌಕಟ್ಟು. ಓಕೆ ಒತ್ತಿದರೆ ಮತ್ತದೇ ಚೌಕಟ್ಟು. ಮೌಸ್ ಪ್ಯಾಡಿನ ಮೇಲೆ ಬೆವರು ಬೆರಳು ಜಾರುತ್ತಿದೆ. ಗಾಯಕರು ಮೈಕಿನಲ್ಲೇ ಕೇಳಿದರು: ‘ಏನ್ ಗುರು, ಕೀಬೋರ್ಡು ಊಟಕ್ಕೋಯ್ತಾ?’ ಜನ ಗೊಳ್ಳೆಂದರು. ಢೋಲಕ್ ಅಣ್ಣ ಒಬ್ಬರೇ ಎರಡು ನಿಮಿಷ ಎಳೆದರು. ಆ ರಾತ್ರಿ ಅವರ ಟೀ, ಬೀಡಿ ಎಲ್ಲ ನನ್ನ ಲೆಕ್ಕ.

ಈಗಲೂ ಲ್ಯಾಪ್‌ಟಾಪ್ ಒಯ್ಯುತ್ತೇನೆ. ಆದರೆ ಕೆಲಸ ಬದಲಾಗಿದೆ. ಹಾಡು ಶುರು ಮಾಡುವ ಟೋನು, ಬಿಟ್ ನುಡಿಸುವ ಟೋನು ಎಲ್ಲ ಕೀಬೋರ್ಡಿನದ್ದೇ. ಲ್ಯಾಪ್‌ಟಾಪಿನ ವಯಲಿನ್ ಅಡಿಯಲ್ಲಿ ತೆಳ್ಳಗೆ ಹಾಸಿರುತ್ತೆ, ವಾಲ್ಯೂಮ್ ಪೆಡಲ್ ಕಾಲಿನ ಕೆಳಗೆ. ಅದು ನಿಂತರೂ ಹಾಡು ನಿಲ್ಲಲ್ಲ, ಜನರಿಗೆ ಗೊತ್ತೂ ಆಗಲ್ಲ. ಇಂಟರ್‌ಫೇಸ್‌ಗೆ ಅಡಾಪ್ಟರ್ ಇಲ್ಲ, ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟ್. ಕೀಬೋರ್ಡಿಗೆ ಕಂಪ್ಯೂಟರಿಗೆ ಇಡುವಂಥ ಸಣ್ಣ ಯುಪಿಎಸ್. ಕೀಬೋರ್ಡಿನಿಂದ ಇಂಟರ್‌ಫೇಸ್‌ಗೆ ಹಳೇ ಐದು ಪಿನ್ನಿನ ಮಿಡಿ ಕೇಬಲ್, ಒತ್ತಿದ ಸ್ವರ ಯಾವುದು ಅಂತ ಲ್ಯಾಪ್‌ಟಾಪಿಗೆ ತಿಳಿಸುವುದು. 1983ರಲ್ಲಿ ಬಂದ ಪದ್ಧತಿ, ಯಾರದೋ ಕಾಲು ತಾಗಿದರೂ ಸುಲಭಕ್ಕೆ ಕಳಚಲ್ಲ. ವೈಫೈ ಬಂದ್, ಅಪ್‌ಡೇಟ್ ಬಂದ್. ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಮೇಲೆ ಕೆಂಪು ಟೇಪು. ಆ ಟೇಪಿಗೂ ಒಂದು ಕಥೆ ಇದೆ. ಗಂಟಲು ಕೆಟ್ಟಿದೆ ಅಂತ ಒಬ್ಬರಿಗೆ ಶ್ರುತಿ ಅರ್ಧ ಮನೆ ಇಳಿಸಿದ್ದೆ, ಮುಂದಿನ ಗಾಯಕಿಗೆ ವಾಪಸ್ ಏರಿಸುವುದು ಮರೆತೆ. ಆಯಮ್ಮ ನೋಡಿದ ನೋಟ ಹೇಳಲ್ಲ ಬಿಡಿ.

ಇದೆಲ್ಲ ನನ್ನ ಇಲಿತನ. ಇದಕ್ಕೆ ತದ್ವಿರುದ್ಧ ನಮ್ಮ ಹಿರಿಯ ಗಾಯಕರು, ಊಟಕ್ಕೋಯ್ತಾ ಅಂದವರೇ. ಪೆಂಡಾಲಿನಲ್ಲಿ ಮೈಕ್ ಕೂಗಿಟ್ಟರೆ ಹಾಡುತ್ತಲೇ ಸ್ಪೀಕರಿನಿಂದ ಎರಡು ಹೆಜ್ಜೆ ಸರಿದು ಸದ್ದಡಗಿಸುತ್ತಾರೆ. ನನ್ನ ಕೋಣೆಗೆ ಬಂದು ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಆ ಮನುಷ್ಯನ ದನಿ ಅರ್ಧ ಆಯಿತು. ‘ನನ್ ದನಿ ನಂಗೇ ಬ್ಯಾರೆಯೋರ್ದು ಥರ ಕೇಳ್ತದೆ ಕಣಪ್ಪ’ ಅಂದರು. ಲಯ ತಪ್ಪದ ಹಾಗೆ ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು, ಅದೇ ಕ್ಲಿಕ್, ಕೇಳಿ ಇನ್ನೂ ಗಾಬರಿ. ‘ಇದೇನ್ ಗಡಿಯಾರ ಕಟ್ಟೀಯಾ ಕಿವೀಗೆ?’ ಮೊದಲ ಚರಣಕ್ಕೇ ಹದಿನೇಳು ಟೇಕ್. ತಪ್ಪಿದರೆ ಮತ್ತೆ ಹಾಡಬಹುದು ಅಂತ ಗೊತ್ತಾದ ಮೇಲೆ ಜಾಸ್ತಿ ತಪ್ಪುತ್ತಿದ್ದರು.

ಎರಡನೇ ದಿನ ಬೇರೆ ಥರ ಮಾಡಿದೆ. ಕ್ಲಿಕ್ ತೆಗೆದು, ಢೋಲಕ್ ಅಣ್ಣನನ್ನು ಕರೆಸಿ, ಕ್ಲಿಕ್ ಅವರ ಕಿವಿಗೆ ಮಾತ್ರ ಕೊಟ್ಟು, ಅವರ ಠೇಕಾ (ತಾಳದ ನಡೆ) ರೆಕಾರ್ಡ್ ಮಾಡಿಟ್ಟುಕೊಂಡೆ. ಗಾಯಕರಿಗೆ ಕೇಳಿಸಿದ್ದು ಆ ಠೇಕಾ. ಹೆಡ್‌ಫೋನ್ ಒಂದೇ ಕಿವಿಗೆ, ಇನ್ನೊಂದು ಕಿವಿ ಖಾಲಿ. ಖಾಲಿ ಕಡೆಯ ಸದ್ದು ಮೈಕಿಗೆ ಸೋರದ ಹಾಗೆ ಆ ಬದಿ ಮ್ಯೂಟ್. ಪೆಂಡಾಲಿನ ಎಕೋ ಅವರ ಹೆಡ್‌ಫೋನಿಗೆ ಮಾತ್ರ, ರೆಕಾರ್ಡಿಂಗಿಗೆ ಇಲ್ಲ. ಆದರೂ ಏನೋ ಸರಿ ಇಲ್ಲ. ಕೈ ಎಲ್ಲಿಡಬೇಕು ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ಪ್ಯಾಂಟಿನ ಜೇಬಿಗೆ ಹಾಕುತ್ತಾರೆ, ತೆಗೆಯುತ್ತಾರೆ, ಕನ್ನಡಕ ಸರಿ ಮಾಡುತ್ತಾರೆ.

ಮೂಲೆಯಲ್ಲಿ ಒಂದು ಕೆಟ್ಟುಹೋದ ಕೈ ಮೈಕ್ ಬಿದ್ದಿತ್ತು. ಸುಮ್ನೆ ಅವರ ಕೈಗೆ ಕೊಟ್ಟೆ. ಅದಕ್ಕೆ ವೈರೂ ಇಲ್ಲ. ಎದುರಿಗೆ ಸ್ಟ್ಯಾಂಡಿನಲ್ಲಿದ್ದ ಕಂಡೆನ್ಸರ್ ಮೈಕ್ ಕೆಲಸ ಮಾಡುತ್ತಿತ್ತು, ಅವರು ಹಾಡಿದ್ದು ಕೈಯಲ್ಲಿದ್ದ ಸತ್ತ ಮೈಕಿಗೆ, ಎದೆಯ ಹತ್ತಿರ ಹಿಡಿದುಕೊಂಡು. ‘ಎರಡೇ ಟೇಕ್ ಅಣ್ಣ, ಆಮೇಲೆ ಬಂದ್’ ಅಂತಲೂ ಹೇಳಿದ್ದೆ. ಎರಡನೆಯದು ಉಳಿಸಿಕೊಂಡೆ. ಪಲ್ಲವಿ ಮುಗಿದ ಮೇಲೆ ‘ಹ್ಞಾಂ, ಬರ್ಲಿ’ ಅಂತ ಅಲ್ಲಿ ಇಲ್ಲದ ಢೋಲಕ್ ಅಣ್ಣನಿಗೆ ಸನ್ನೆ ಕೊಟ್ಟಿದ್ದಾರೆ. ಅದನ್ನು ಕತ್ತರಿಸಲಿಲ್ಲ.

ಆ ಮೈಕ್ ಈಗ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ. ಆ ಗಾಯಕರು ಬಂದರೆ ಚಪ್ಪಲಿ ಬಿಟ್ಟವರೇ ಮೊದಲು ಅದನ್ನು ಕೈಗೆ ತಗೊಳ್ಳುತ್ತಾರೆ.