ಹಾರ್ನ್‌ಗೆ ಮಿಡ್‌ರೇಂಜ್ ಡ್ರೈವರ್: ವಾಟ್ ನೋಡಿ ಕೊಳ್ಳಬೇಡಿ

ಮಂಡ್ಯದ ಗೆಳೆಯರೊಬ್ಬರು ಒಳ್ಳೆ ಬಡಗಿ ಹಿಡಿದು, ದುಬಾರಿ ಪ್ಲೈವುಡ್‌ನಲ್ಲಿ ಹಾರ್ನ್ ಮಾಡಿಸಿದರು, ಅಂದರೆ ಸ್ಪೀಕರ್ ಮುಂದೆ ಕೂರಿಸುವ ತುತ್ತೂರಿ ಆಕಾರದ ಬಾಯಿ. ಅದಕ್ಕೆ ಬೇಕಿದ್ದದ್ದು ಮಿಡ್‌ರೇಂಜ್ ಡ್ರೈವರ್, ಅಂದರೆ ನಡುದನಿಗಳಿಗೆ ಮಾಡಿದ ಸ್ಪೀಕರ್ ಯೂನಿಟ್. ಒಳಗೆ ಕೂರಿಸಿದ್ದು ಮಾತ್ರ ಕಾರಿನ ವೂಫರ್, ಬೇಸ್‌ಗೆ ಮಾಡಿದ ಡ್ರೈವರ್. ಹಾಡು ಹಾಕಿದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ಬೈಗುಳ ತಿಂದವನು ಬಡಗಿ!

ಮೊದಲು ಹಾರ್ನಿನ ಬಾಯಿ ಅಳೆಯಿರಿ. ದುಂಡು ಬಾಯಿ ಸುಮಾರು 36 ಸೆಂ.ಮೀ. ಅಗಲ ಇದ್ದರೆ 300 ಹರ್ಟ್ಸ್‌ವರೆಗೆ ಇಳಿಯುತ್ತದೆ. ಅಷ್ಟೇ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಡ್ರೈವರ್‌ನ ಸ್ಪೆಕ್ ಶೀಟ್‌ನಲ್ಲಿ ವಾಟ್ ಬಿಡಿ, ಎಫ್‌ಎಸ್ (Fs: ಡ್ರೈವರ್‌ನ ಕೋನ್, ಅಂದರೆ ಅದುರುವ ಬಟ್ಟಲು, ತಾನಾಗಿ ಅದುರುವ ಹರ್ಟ್ಸ್) ಮತ್ತು ಕ್ಯೂಇಎಸ್ (Qes: ಆ ಅದುರಿನ ಮೇಲೆ ಮ್ಯಾಗ್ನೆಟ್‌ಗೆ ಎಷ್ಟು ಹಿಡಿತ ಎಂಬ ಅಂಕಿ, ಕಮ್ಮಿ ಇದ್ದಷ್ಟು ಹಿಡಿತ ಬಿಗಿ) ಹುಡುಕಿ. ಎಫ್‌ಎಸ್ ಎರಡರಷ್ಟು ಮಾಡಿ ಕ್ಯೂಇಎಸ್‌ನಿಂದ ಭಾಗಿಸಿ. ಹಾರ್ನ್‌ನಲ್ಲಿ ಕೋನ್‌ನ ತೂಕ ದನಿಯ ಜೋರು ತಗ್ಗಿಸಲು ಶುರುಮಾಡುವುದು ಹೆಚ್ಚುಕಮ್ಮಿ ಆ ಹರ್ಟ್ಸ್‌ನಿಂದ ಮೇಲಕ್ಕೆ. ಎಫ್‌ಎಸ್ 60, ಕ್ಯೂಇಎಸ್ 0.6 ಇರುವ ವೂಫರ್ ತಗೊಳ್ಳಿ: ಬರುವುದು 200 ಹರ್ಟ್ಸ್. ಅಂದರೆ ಹಾರ್ನ್ ಕೆಲಸ ಶುರುಮಾಡುವ ಮೊದಲೇ ಡ್ರೈವರ್ ಸುಸ್ತು. ಎಫ್‌ಎಸ್ 120, ಕ್ಯೂಇಎಸ್ 0.2 ಇದ್ದರೆ 1,200 ಹರ್ಟ್ಸ್. ಆಮೇಲೂ ದನಿ ಥಟ್ಟನೆ ನಿಲ್ಲುವುದಿಲ್ಲ, ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಎರಡರಷ್ಟಾದಾಗಲೆಲ್ಲ, 6 ಡೆಸಿಬಲ್‌ನಂತೆ ಇಳಿಯುತ್ತದೆ. 800ಕ್ಕಿಂತ ಕಮ್ಮಿ ಬಂದರೆ ನಾನಂತೂ ಮುಟ್ಟುವುದಿಲ್ಲ.

ಶೀಟೇ ಇಲ್ಲ ಅಂದರೆ ಅಂಗಡಿಯಿಂದ ಎದ್ದು ಬನ್ನಿ. ನಾನೊಮ್ಮೆ ಮ್ಯಾಗ್ನೆಟ್ ದಪ್ಪ ನೋಡಿ ಮರುಳಾಗಿ ತಂದೆ. ಮನೆಗೆ ಬಂದು ಹಿಂದಿನ ರಬ್ಬರ್ ಟೋಪಿ ಕಿತ್ತರೆ ಒಳಗೆ ರಾಗಿ ರೊಟ್ಟಿಯಷ್ಟು ತೆಳ್ಳನೆ ಮ್ಯಾಗ್ನೆಟ್!

ಶೀಟ್ ಸರಿ ಇದ್ದರೂ ಬೆರಳಿಟ್ಟು ಕೋನ್ ಮೆಲ್ಲಗೆ ಒತ್ತಿ. ದಿಂಬಿನ ಹಾಗೆ ಒಳಗೆ ಹೋದರೆ ಅದು ಬೇಸ್‌ಗೆ ಮಾಡಿದ್ದು. ಹಗುರ ಪೇಪರ್ ಕೋನ್, ಗಟ್ಟಿ ಬಟ್ಟೆಯ ಅಂಚು ಇರಲಿ.

'ಮೈಕ್ ಸೆಟ್ ಯೂನಿಟ್ ಹಾಕಿದರೆ ಸುಲಭ ಅಲ್ವಾ?' ಅಂತ ಕೇಳುವವರಿದ್ದಾರೆ. ಗಣೇಶನ ಪೆಂಡಾಲಿಗೆ ಸರಿ. ಅದು ಮಾತು ದೂರ ಮುಟ್ಟಿಸಲು ಮಾಡಿದ್ದು, ಹಾಲ್‌ನಲ್ಲಿ ಕೂತು ಕೇಳಲಿಕ್ಕಲ್ಲ.

ಹಾರ್ನಿನ ಗಂಟಲು, ಅಂದರೆ ಡ್ರೈವರ್ ಕೂರುವ ಕಿರಿದಾದ ತುದಿ, ಕೋನ್‌ನ ಅರ್ಧ ವಿಸ್ತೀರ್ಣಕ್ಕೆ ಇಡಿ. 8 ಇಂಚಿನ ಡ್ರೈವರ್‌ಗೆ ಸುಮಾರು 12 ಸೆಂ.ಮೀ. ಅಗಲದ ತೂತು. ಜಾಸ್ತಿ ಜೋರು ಬರಲಿ ಅಂತ ಸುಮ್ನೆ ಕಿರಿದು ಮಾಡಿದರೆ ಕೋನ್ ಮೇಲೆ ಒತ್ತಡ ಬಿದ್ದು ದನಿ ಕೆಡುತ್ತದೆ. ಡ್ರೈವರ್ ಹಿಂದೆ ಗಾಳಿ ಸೋರದ ಪುಟ್ಟ ಡಬ್ಬ ಇರಲಿ.

ಅಂಟು ಹಾಕುವ ಮೊದಲು ನಾಲ್ಕೇ ಸ್ಕ್ರೂನಲ್ಲಿ ಕೂರಿಸಿ, ಚೌಡಯ್ಯನವರ ಏಳು ತಂತಿಯ ಪಿಟೀಲು ಹಾಕಿ. ಆ ಹಳೇ ರೆಕಾರ್ಡಿಂಗ್‌ನಲ್ಲಿ ಇರುವುದೇ ಮಿಡ್‌ರೇಂಜ್. ಕಮಾನು ತಂತಿಗೆ ಉಜ್ಜುವ ಸದ್ದು ಕೇಳಿಸಿದರೆ ಅಂಟು ಕಲಸಿ.