ಮೊದಲು ಮೂರು ಗುಂಡು, ಆಮೇಲೆ ಸ್ಕೋಪ್: ಜಿಂಕೆ ಸೀಸನ್‌ಗೆ ರೈಫಲ್ ಝೀರೋ ಮಾಡೋದು

ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ರೈಫಲ್ ಸೀಸನ್ ಶುರುವಾಗೋದು ನವೆಂಬರ್ ಕೊನೆಗೆ ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ. ಅಷ್ಟರಲ್ಲಿ ರೈಫಲ್ ಝೀರೋ ಆಗಿರಬೇಕು, ಅಂದ್ರೆ ಸ್ಕೋಪ್‌ನಲ್ಲಿ (ರೈಫಲ್ ಮೇಲಿನ ಗುರಿ ದುರ್ಬೀನು) ನೋಡಿ ಗುರಿ ಇಟ್ಟ ಕಡೆಗೇ ಗುಂಡು ಬೀಳೋ ಹಾಗೆ ಹೊಂದಿಸಿರಬೇಕು. ನನ್ನ ಮೊದಲ ವರ್ಷ, ಸೀಸನ್‌ಗೆ ಎರಡು ವಾರ ಮುಂಚೆ ರೇಂಜ್‌ಗೆ (ಗುಂಡು ಹೊಡೆದು ಅಭ್ಯಾಸ ಮಾಡೋ ಜಾಗ) ಹೋಗಿ 20 ತೋಟಾದ ಒಂದು ಡಬ್ಬಿ ಪೂರ್ತಿ ಖಾಲಿ ಮಾಡಿದೆ, ರೈಫಲ್ ಮಾತ್ರ ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು. ಒಂದು ಗುಂಡು ಎಡಕ್ಕೆ ಬಿತ್ತು, ಸ್ಕೋಪ್ ಬಲಕ್ಕೆ ತಿರುಗಿಸಿದೆ. ಮುಂದಿನದು ಬಲಕ್ಕೆ ಬಿತ್ತು, ಎಡಕ್ಕೆ ತಿರುಗಿಸಿದೆ. ಪಕ್ಕದ ಬೆಂಚಿನ ಅಜ್ಜ ಕೊನೆಗೆ ತಡೆಯಲಾರದೆ, "ಒಂದೊಂದು ಗುಂಡಿನ ಹಿಂದೆ ಓಡಬೇಡ, ಮೂರು ಹೊಡಿ, ಆಮೇಲೆ ಕೈ ಹಾಕು" ಅಂದ. ಇಲ್ಲಿ ಬರೆದಿರೋದು ಹೆಚ್ಚು ಕಡಿಮೆ ಅದನ್ನೇ.

ಶುರು ಮಾಡೋ ಮುಂಚೆ ಕಾನೂನು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಸುಮ್ನೆ ಸ್ನೇಹಿತನ ಬಂದೂಕನ್ನೂ ಮುಟ್ಟಬೇಡಿ. ಅಮೆರಿಕದ ಫೆಡರಲ್ ಕಾನೂನು ನಮಗೆ ಅದನ್ನು ನಿಷೇಧಿಸುತ್ತೆ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲೈಸೆನ್ಸ್ ಬೇಕು ಅಂದ್ರೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್. ಊರಲ್ಲಿ ಇದನ್ನೆಲ್ಲ ಮಾಡೋ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಂದ್ರೆ ಜೈಲು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡ್ತಾರಲ್ಲ, ಕೋವಿಯ ಕೆಲಸ ಈಗ ಅಷ್ಟೇ.

ಇನ್ನು ತೋಟಾ. ಮನೆಯಲ್ಲೇ ತೋಟಾ ತುಂಬುವವರು ಇಲ್ಲಿ ಬಹಳ ಇದ್ದಾರೆ, ಒಳ್ಳೆ ಹವ್ಯಾಸ. ಆದರೆ ಮೊದಲ ಸೀಸನ್‌ಗೆ ಅದು ಬೇಡ. ಅಂಗಡಿಯಲ್ಲಿ .308 ವಿಂಚೆಸ್ಟರ್ (ಇದು ತೋಟಾದ ಅಳತೆಯ ಹೆಸರು, ನಿಮ್ಮ ರೈಫಲ್‌ನದ್ದೂ ಅದೇ ಆಗಿರಬೇಕು) 150 ಗ್ರೇನ್ ಗುಂಡಿನ ಎರಡು ಮೂರು ಕಂಪನಿಯ ಒಂದೊಂದು ಡಬ್ಬಿ ತನ್ನಿ. ಗ್ರೇನ್ ಅಂದ್ರೆ ಗುಂಡಿನ ತೂಕ, 150 ಗ್ರೇನ್ ಸುಮಾರು 9.7 ಗ್ರಾಂ. ತೂಕ ಒಂದೇ ಇದ್ದರೂ ಒಂದು ಕಂಪನಿಯದು ನಿಮ್ಮ ರೈಫಲ್‌ನಲ್ಲಿ ಒಂದು ಇಂಚಿನ ಗುಂಪು (ಸಾಲಾಗಿ ಹೊಡೆದ ಗುಂಡುಗಳ ತೂತು ಎಷ್ಟು ಅಗಲದಲ್ಲಿ ಬಿದ್ದಿವೆ ಅನ್ನೋದು) ಕೊಡುತ್ತೆ, ಇನ್ನೊಂದು ಮೂರು ಇಂಚು ಚೆಲ್ಲುತ್ತೆ, ಅದೂ ಬೇರೆ ಜಾಗದಲ್ಲಿ. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹೊಂದಿದ್ದು ಸಿಕ್ಕಿತಾ, ಅದನ್ನೇ ಇನ್ನೂ ಎರಡು ಡಬ್ಬಿ ತನ್ನಿ, ಮತ್ತೆ ಬದಲಾಯಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಒಂದು ಮಾತು: 2019ರ ಜುಲೈಯಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ನಡೆಯಲ್ಲ, ತಾಮ್ರದ್ದೋ ಸೀಸ ಇಲ್ಲದ ಬೇರೆಯದ್ದೋ ಆಗಬೇಕು.

ರೇಂಜ್‌ಗೆ ಹೋಗೋ ಮುಂಚೆ ಸ್ಕೋಪ್ ಕೂರಿಸಿರೋ ಸ್ಕ್ರೂಗಳನ್ನೆಲ್ಲ ನೋಡಿಕೊಳ್ಳಿ. ಒಂದು ಸಡಿಲ ಇದ್ದರೂ ಮುಂದೆ ಹೇಳೋದೆಲ್ಲ ವ್ಯರ್ಥ. ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಾದರೂ ಜಾಗ ಇರಲಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತೆ. ನನ್ನ ಬಲ ಹುಬ್ಬಿನ ಮೇಲೆ ಅರ್ಧ ಚಂದ್ರನ ಗುರುತು ಇದೆ, ಯಾಕೆ ಅಂತ ಬಿಡಿಸಿ ಹೇಳಬೇಕಾ? ಕಿವಿಗೆ ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಬೇಕು.

ಮೊದಲು 25 ಗಜ. 100 ಗಜದಲ್ಲೇ ಶುರು ಮಾಡಿದರೆ ಗುಂಡು ಕಾಗದಕ್ಕೇ ಬೀಳದೆ ಹೋಗಬಹುದು, ಆಗ ಎತ್ತ ತಿರುಗಿಸಬೇಕು ಅಂತಲೇ ಗೊತ್ತಾಗಲ್ಲ. ರೈಫಲ್‌ನ ಮುಂದೆ ಹಿಂದೆ ಮರಳು ಚೀಲ ಇಟ್ಟು, ಬ್ಯಾರಲ್ ಅಲ್ಲ, ಕೆಳಗಿನ ಮರದ ಭಾಗ ಚೀಲದ ಮೇಲೆ ಕೂರೋ ಹಾಗೆ ಇಟ್ಟು, ಉಸಿರು ಅರ್ಧ ಬಿಟ್ಟು, ಟ್ರಿಗರ್ ಮೆಲ್ಲಗೆ ಒತ್ತುತ್ತಾ ಹೋಗಿ. ಗುಂಡು ಹಾರಿದ್ದು ನಿಮಗೇ ಸ್ವಲ್ಪ ಆಶ್ಚರ್ಯ ಆಗಬೇಕು.

ಈಗ ಲೆಕ್ಕ. ಬಹಳಷ್ಟು ಬೇಟೆ ಸ್ಕೋಪ್‌ಗಳಲ್ಲಿ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುಂಡು ಬೀಳೋ ಜಾಗ 100 ಗಜದಲ್ಲಿ ಕಾಲು ಇಂಚು ಸರಿಯುತ್ತೆ. 25 ಗಜದಲ್ಲಿ ಅದೇ ಕ್ಲಿಕ್ ಒಂದು ಇಂಚಿನ 16ನೇ ಒಂದು ಭಾಗ ಮಾತ್ರ. ಅಂದ್ರೆ ಮೂರು ಗುಂಡಿನ ನಡುಭಾಗ ಗುರಿಗಿಂತ ಎರಡು ಇಂಚು ಕೆಳಗಿದ್ದರೆ 100 ಗಜದಲ್ಲಿ 8 ಕ್ಲಿಕ್, 25ರಲ್ಲಿ 32 ಕ್ಲಿಕ್. ಇಲ್ಲೇ ಜಾಸ್ತಿ ಜನ ಎಡವೋದು. ಸ್ಕೋಪ್ ಮೇಲೆ "ಅಪ್" ಅಂತ ಬಾಣದ ಗುರುತು ಇರುತ್ತೆ, ಅದು ಗುಂಡು ಯಾವ ಕಡೆ ಹೋಗುತ್ತೆ ಅನ್ನೋದಕ್ಕೆ. ಗುಂಡು ಕೆಳಗೆ ಬಿದ್ದಿದ್ದರೆ "ಅಪ್" ಕಡೆ ತಿರುಗಿಸಿ, ಅಷ್ಟೇ.

25ರಲ್ಲಿ ನಡುವಿಗೆ ಬಂತಾ, 100ಕ್ಕೆ ಹೋಗಿ. ಮತ್ತೆ ಮೂರು ಗುಂಡು, ಪ್ರತಿ ಸಲ ಅದೇ ಚುಕ್ಕೆಗೆ ಗುರಿ, ಹಿಂದಿನದು ಎಲ್ಲಿ ಬಿತ್ತು ಅಂತ ನೋಡಿ ಗುರಿ ಬದಲಿಸಬೇಡಿ. ಮೂರು ತೂತನ್ನೂ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಸೇರಿಸಿ, ಆ ತ್ರಿಕೋನದ ನಡುವಿನಿಂದ ಅಳೆಯಿರಿ. ಗುಂಪೇ ನಾಲ್ಕೈದು ಇಂಚು ಅಗಲ ಇದ್ದರೆ ಸ್ಕೋಪ್ ಮುಟ್ಟಬೇಡಿ. ತಪ್ಪು ಸ್ಕ್ರೂವಿನದು, ತೋಟಾದ್ದು, ಇಲ್ಲಾ ನಮ್ಮ ಭುಜದ್ದು. ಪ್ರತಿ ಗುಂಪಿನ ನಡುವೆ ಬ್ಯಾರಲ್ ಆರಲಿ, ಬೋಲ್ಟ್ ತೆಗೆದಿಟ್ಟು ಒಂದು ಕಾಫಿ ಕುಡಿಯಿರಿ.

100 ಗಜದಲ್ಲಿ ಗುಂಪು ಚುಕ್ಕೆಗಿಂತ ಸುಮಾರು ಎರಡು ಇಂಚು ಮೇಲೆ ಬೀಳೋ ಹಾಗೆ ನಾನು ಬಿಡ್ತೇನೆ. .308ರ 150 ಗ್ರೇನ್ ಗುಂಡು ಆಗ 200 ಗಜದಲ್ಲಿ ನೇರ ಗುರಿಗೆ ಬರುತ್ತೆ, 300ರಲ್ಲಿ ಎಂಟು ಇಂಚಿಗೂ ಜಾಸ್ತಿ ಕೆಳಗೆ. ಜಿಂಕೆಯ ಎದೆಗೂಡಿನಲ್ಲಿ ತಾಗಬೇಕಾದ ಜಾಗ ಎಂಟು ಇಂಚಿನ ತಟ್ಟೆಯಷ್ಟು ಅಂತ ಇಟ್ಟುಕೊಳ್ಳಿ. ಹಾಗಾಗಿ 200 ದಾಟಿದರೆ ನಾನು ಹೊಡೆಯಲ್ಲ. ಗಾಯ ಮಾಡಿ ರಾತ್ರಿಯೆಲ್ಲ ಹುಡುಕೋದು ಯಾರಿಗೂ ಬೇಡ.

ಝೀರೋ ಆದ ಮೇಲೆ ಇನ್ನೊಂದು ದಿನ ಬನ್ನಿ, ತಣ್ಣಗಿರೋ ಬ್ಯಾರಲ್‌ನಿಂದ ಒಂದೇ ಗುಂಡು ಹೊಡೆದು ಮನೆಗೆ ಹೋಗಿ. ಬಿಸಿ ಬ್ಯಾರಲ್‌ನ ಗುಂಪು ಎಷ್ಟೇ ಚಂದ ಇರಲಿ, ಕಾಡಲ್ಲಿ ಹೊಡೆಯೋದು ಈ ತಣ್ಣನೆಯ ಮೊದಲ ಗುಂಡನ್ನೇ. ಸಾಧ್ಯವಾದರೆ ಸೀಸನ್‌ಗೆ ಹಾಕೋ ದಪ್ಪ ಜಾಕೆಟ್, ಪೆನ್ಸಿಲ್ವೇನಿಯಾದ ನಿಯಮ ಕೇಳೋ 250 ಚದರ ಇಂಚಿನ ಕಿತ್ತಳೆ ಬಣ್ಣದ ಬಟ್ಟೆ, ಗ್ಲೌಸ್ ಎಲ್ಲ ಹಾಕಿಕೊಂಡೇ ಹೊಡೆಯಿರಿ. ಟೀ ಶರ್ಟಿನಲ್ಲಿ ಸರಿ ಕೂತ ರೈಫಲ್ ಜಾಕೆಟ್ ಮೇಲೆ ಒಂದು ಇಂಚು ಮುಂದೆ ಹೋಗುತ್ತೆ, ಸ್ಕೋಪ್ ಒಳಗೆ ಕಪ್ಪು ಉಂಗುರ ಬಿಟ್ಟರೆ ಬೇರೇನೂ ಕಾಣಲ್ಲ.