ಕಡಲತೀರದ ಪ್ಯಾಕೇಜ್ ಹೋಟೆಲಿನಲ್ಲಿ ಒಬ್ಬಳೇ: ನಾನು ಲೆಕ್ಕ ಹಾಕುವ ರೀತಿ

‘ತಲೆಗೆ 4,500 ರೂಪಾಯಿ, ಊಟ ತಿಂಡಿ ಎಲ್ಲ ಸೇರಿ’ ಎಂದು ಜಾಹೀರಾತು ಇದ್ದರೆ ಕೆಳಗೆ ಸಣ್ಣಕ್ಷರದಲ್ಲಿ ‘ಡಬಲ್ ಶೇರಿಂಗ್’ ಎಂದೂ ಇರುತ್ತದೆ. ಅಂದರೆ ರೂಮಿನ ದರ 9,000. ಒಬ್ಬರೇ ಹೋದರೆ ಅರ್ಧ ಕೊಟ್ಟರಾಯಿತು ಎಂದುಕೊಂಡು ಮೈಸೂರಿನಿಂದ ಬಸ್ ಹತ್ತಬಾರದು. ರೂಮು, ಏಸಿ, ಹಾಸಿಗೆಯ ಖರ್ಚು ಒಬ್ಬರಿದ್ದರೂ ಅಷ್ಟೇ. ಹೋಟೆಲಿನವರಿಗೆ ಉಳಿಯುವುದು ಇನ್ನೊಬ್ಬರ ಊಟದ ದುಡ್ಡು ಮಾತ್ರ. ನಾನು ಕೇಳುವುದೂ ಅದನ್ನೇ: ‘ಸಿಂಗಲ್ ಆಕ್ಯುಪೆನ್ಸಿಗೆ ಎಷ್ಟು? ಒಬ್ಬರ ಊಟ ಕಳೆದು ಹೇಳಿ ಸರ್.’ ಆ್ಯಪ್‌ನಲ್ಲಿ ಈ ಚೌಕಾಸಿ ನಡೆಯುವುದಿಲ್ಲ, ಹೋಟೆಲಿಗೇ ಫೋನ್ ಮಾಡಬೇಕು. ಸೋಮವಾರದಿಂದ ಗುರುವಾರದೊಳಗೆ ಹೋಗುವುದಾದರೆ ಒಪ್ಪುವ ಸಾಧ್ಯತೆ ಹೆಚ್ಚು. ಶನಿವಾರ ಭಾನುವಾರಕ್ಕೆ ಕೇಳಿ ಪ್ರಯೋಜನವಿಲ್ಲ.

ಚೌಕಾಸಿಯಲ್ಲಿ 7,500 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%, ಅದು ದಾಟಿದರೆ 18%. ಊಟ ಸೇರಿದ ಒಂದೇ ಪ್ಯಾಕೇಜ್ ಆದರೆ ಸಾಮಾನ್ಯವಾಗಿ ಇಡೀ ಮೊತ್ತಕ್ಕೆ ಒಂದೇ ದರ ಬೀಳುತ್ತದೆ. 7,500ಕ್ಕೆ ತೆರಿಗೆ ಸೇರಿ 7,875. 7,600 ಎಂದರೆ 8,968. ಬರೀ ನೂರು ರೂಪಾಯಿ ಹೆಚ್ಚಾದದ್ದಕ್ಕೆ ಕೈಬಿಟ್ಟು ಹೋಗುವುದು 1,093! ಹಾಗಾಗಿ 7,800, 8,000 ಎಂದು ದರ ಹೇಳಿದಾಗ ‘ಏಳೂವರೆ ಸಾವಿರದೊಳಗೆ ಮಾಡಿಕೊಡಿ’ ಎಂದು ಕಾರಣ ಸಮೇತ ಕೇಳುತ್ತೇನೆ. ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳದೆ ಅಡ್ವಾನ್ಸ್ ಕಳಿಸುವುದಿಲ್ಲ.

ಆಮೇಲೆ ಊಟದ ಪ್ಲಾನು. ಇಪಿ ಎಂದರೆ ಬರೀ ರೂಮು, ಸಿಪಿ ಎಂದರೆ ತಿಂಡಿ ಸೇರಿ, ಮ್ಯಾಪ್ ಎಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ, ಎಪಿ ಎಂದರೆ ಮೂರು ಹೊತ್ತೂ. ಪಾನೀಯ, ಸಂಜೆಯ ಕುರುಕಲು ಎಲ್ಲ ಸೇರಿದರೆ ಆಲ್ ಇನ್‌ಕ್ಲೂಸಿವ್. ಸಿಪಿಗೂ ಎಪಿಗೂ ಎಷ್ಟು ವ್ಯತ್ಯಾಸವಿದೆಯೋ ಅದನ್ನು ಎರಡು ಊಟಕ್ಕೆ ಹಂಚಿ ನೋಡುತ್ತೇನೆ. ಊಟಕ್ಕೆ ಐನೂರರ ಮೇಲೆ ಬಂದರೆ ಸಿಪಿ ತೆಗೆದುಕೊಂಡು ಹೊರಗೆ ಮೀನೂಟ ಮಾಡುತ್ತೇನೆ. ಆದರೆ ಹೋಟೆಲಿನ ಸುತ್ತ ಎರಡು ಕಿಲೋಮೀಟರ್ ಏನೂ ಇಲ್ಲದಿದ್ದರೆ ಈ ಲೆಕ್ಕ ತಲೆಕೆಳಗು. ರಾತ್ರಿ ಒಬ್ಬಳೇ ಆಟೊ ಹುಡುಕಿಕೊಂಡು ಹೋಗುವುದಕ್ಕಿಂತ ಎಪಿ ವಾಸಿ. ಮ್ಯಾಪ್ ಆದರೆ ರಾತ್ರಿಯೂಟವನ್ನೇ ಆರಿಸಿಕೊಳ್ಳಿ.

ಬುಕಿಂಗ್‌ಗೆ ಮುಂಚೆ ಇನ್ನೂ ಕೆಲವನ್ನು ಕೇಳಲೇಬೇಕು. ‘ಅನ್‌ಲಿಮಿಟೆಡ್’ ಎಂದರೆ ಯಾವುದು, ಎಷ್ಟು ಗಂಟೆವರೆಗೆ? ರೂಮಿನ ಫ್ರಿಡ್ಜಿನಲ್ಲಿರುವುದು ಬಹುತೇಕ ಕಡೆ ಪ್ಯಾಕೇಜಿಗೆ ಸೇರುವುದಿಲ್ಲ. ಮೆನುವಿನಲ್ಲಿ ‘ಎಪಿಎಸ್’ ಎಂದಿದ್ದರೆ ಮೀನಿನ ಗಾತ್ರ ನೋಡಿ ಬೆಲೆ, ಅದೂ ಬೇರೆಯೇ ಬಿಲ್ಲು. ಜನ ಕಡಿಮೆಯಿದ್ದ ದಿನ ಬಫೆ ಹಾಕುವುದಿಲ್ಲ, ಫಿಕ್ಸೆಡ್ ಮೆನು ಕೊಡುತ್ತಾರೆ. ವಾರದ ನಡುವೆ ಹೋಗುವ ನಮಗೆ ಇದು ಆಗಾಗ ಎದುರಾಗುತ್ತದೆ. ಆಗ ಎರಡು ಪದಾರ್ಥ ನಮ್ಮ ಇಷ್ಟದ್ದು ಮಾಡಿಕೊಡುತ್ತೀರಾ ಎಂದು ಮೊದಲೇ ಮಾತಾಡಿಕೊಳ್ಳಿ.

ಮೀನಿಗಾಗಿಯೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಹೋಗಬೇಡಿ. ಆ 61 ದಿನ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾಡದೋಣಿಯ ಮೀನು ಸ್ವಲ್ಪ ಸಿಗುತ್ತದೆ, ಬಫೆಯ ಅಂಜಲ್ ಮಾತ್ರ ಹೆಚ್ಚಾಗಿ ಐಸಿನದು. ಅನ್ನದ ಕೌಂಟರಿನಲ್ಲಿ ಕುಚ್ಚಲಕ್ಕಿ ಇದ್ದರೆ ಬಿಡಬೇಡಿ. ಬಂಗುಡೆ ಸಾರಿಗೆ ನಮ್ಮ ಸೋನಾ ಮಸೂರಿ ಅಷ್ಟು ಒಗ್ಗುವುದಿಲ್ಲ.

ಮೈಸೂರಿನಿಂದ ಮಡಿಕೇರಿ, ಸಂಪಾಜೆ ಮಾರ್ಗದ ರಾತ್ರಿ ಬಸ್ಸು ಬೆಳಗಾಗುವ ಮೊದಲೇ ಮಂಗಳೂರು ಮುಟ್ಟಿಸಿಬಿಡುತ್ತದೆ. ಚೆಕ್‌ಇನ್ ಮಧ್ಯಾಹ್ನ 12ಕ್ಕೋ 2ಕ್ಕೋ. ಫ್ರೆಶ್‌ಅಪ್ ರೂಮ್ ಕೊಡುತ್ತೀರಾ, ಪ್ಯಾಕೇಜಿನ ಮೊದಲ ಊಟ ಮಧ್ಯಾಹ್ನದ್ದೋ ರಾತ್ರಿಯದೋ ಎಂದು ಕೇಳಿಟ್ಟುಕೊಳ್ಳಿ. ರಾತ್ರಿಯೂಟದಿಂದ ಶುರು ಎಂದರೆ ಕೊನೆಯ ದಿನದ ಮಧ್ಯಾಹ್ನದೂಟ ನಿಮ್ಮದು. ಚೆಕ್‌ಔಟ್ 11ಕ್ಕೆ ಮುಗಿದಿರುತ್ತದೆ, ಆ ಊಟವನ್ನು ಕೇಳದೆ ಕಳೆದುಕೊಳ್ಳುವವರೇ ಜಾಸ್ತಿ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತದಿಂದ ಈ ರಸ್ತೆಯೇ ಮುಚ್ಚಿತ್ತು. ಹಾಗಾಗಿ ಮಳೆಗಾಲಕ್ಕೆ ದುಡ್ಡು ವಾಪಸ್ ಬರುವ ದರದಲ್ಲೇ ಬುಕ್ ಮಾಡುತ್ತೇನೆ.

ರೂಮು ಮೊದಲ ಮಹಡಿಯಲ್ಲಿ, ಲಿಫ್ಟಿಗೆ ಹತ್ತಿರ ಇರಲಿ. ನೆಲಮಟ್ಟದಲ್ಲಿ ಬೀಚಿಗೇ ತೆರೆಯುವ ಜಾರುವ ಗಾಜಿನ ಬಾಗಿಲಿನ ರೂಮು ಫೋಟೊದಲ್ಲಿ ಚಂದ. ಉಪ್ಪುಗಾಳಿಗೆ ಅದರ ಚಿಲಕ ತುಕ್ಕು ಹಿಡಿದು ಸರಿಯಾಗಿ ಕೂರುವುದಿಲ್ಲ. ಬ್ಯಾಗು ಬಿಚ್ಚುವ ಮೊದಲು ಎಲ್ಲ ಚಿಲಕ, ಪಕ್ಕದ ರೂಮಿಗಿರುವ ನಡುಬಾಗಿಲು ನೋಡಿಕೊಳ್ಳಿ. ಗುರುತಿಗೆ ಮಾಸ್ಕ್ ಮಾಡಿದ, ಅಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಕೊಡುತ್ತೇನೆ.

ಬಫೆಯಲ್ಲಿ ಒಬ್ಬರೇ ಇದ್ದರೆ ಎರಡನೇ ಸಲ ಬಡಿಸಿಕೊಳ್ಳಲು ಎದ್ದಾಗ ತಟ್ಟೆ ಎತ್ತಿ ಟೇಬಲ್ ಒರೆಸಿ ಬೇರೆಯವರನ್ನು ಕೂರಿಸಿಬಿಡುತ್ತಾರೆ. ‘ಅಣ್ಣಾ, ಇನ್ನೂ ಮುಗಿದಿಲ್ಲ’ ಎಂದು ಹೇಳಿ, ನ್ಯಾಪ್‌ಕಿನ್ ಕುರ್ಚಿಯ ಮೇಲಿಟ್ಟು ಏಳಿ. ಜಾಗ ಹಿಡಿಯಲು ಫೋನು, ರೂಮಿನ ಕಾರ್ಡು ಮಾತ್ರ ಇಡಬೇಡಿ.

ಇನ್ನು ಸಮುದ್ರ. ಕಾವೇರಿ ಹೊಳೆಯ ಬಲಮುರಿ, ಎಡಮುರಿಯಲ್ಲಿ ಈಜಿದ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಳೆ ಒಂದೇ ಕಡೆಗೆ ಎಳೆಯುತ್ತದೆ. ಕಡಲಲ್ಲಿ ಅಲೆ ದಡಕ್ಕೆ ತಳ್ಳುತ್ತಿರುವಾಗಲೇ ಪಕ್ಕದಲ್ಲಿ ಒಂದು ಸೆಳೆತ ಒಳಕ್ಕೆ ಒಯ್ಯುತ್ತಿರುತ್ತದೆ. ಅಲೆ ಒಡೆಯುವ ಎರಡು ಜಾಗದ ನಡುವೆ, ಮರಳು ಕದಡಿದ ಬಣ್ಣದ, ಶಾಂತವಾಗಿ ಕಾಣುವ ನೀರಿನ ಪಟ್ಟಿಯೇ ಆ ಸೆಳೆತ. ಈಜು ಬಾರದವರು ಹುಡುಕಿಕೊಂಡು ಹೋಗುವುದೂ ಅಲ್ಲಿಗೇ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ, ಸುಸ್ತಾಗುವುದು ನೀವೇ. ತೇಲುತ್ತಾ ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡ ಹಿಡಿಯಿರಿ. ಕೆಂಪು–ಹಳದಿ ಬಾವುಟಗಳ ನಡುವೆ, ಜೀವರಕ್ಷಕರ ಕಣ್ಣಳತೆಯಲ್ಲಿ ಮಾತ್ರ ಇಳಿಯುತ್ತೇನೆ. ಅವರಿಲ್ಲದಿದ್ದರೆ ಮೊಣಕಾಲುದ್ದ ಸಾಕು. ಇಳಿಯುವ ಮುಂಚೆ ರಿಸೆಪ್ಶನ್‌ನಲ್ಲಿ ‘ಇಷ್ಟು ಗಂಟೆಗೆ ವಾಪಸ್ ಬರುತ್ತೇನೆ’ ಎಂದು ಹೇಳಿ ಫೋನು ಅಲ್ಲೇ ಕೊಟ್ಟುಹೋಗುತ್ತೇನೆ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ಕೇಳಿ. ಬೆಳಗ್ಗೆ ಬಸ್ಸಿನ ಅವಸರದಲ್ಲಿ ಯಾರೂ ಸಾಲು ಸಾಲು ಓದುವುದಿಲ್ಲ. ಪ್ಯಾಕೇಜಿನಲ್ಲೇ ಇದ್ದ ಕಾಫಿ, ತೆರೆಯದ ನೀರಿನ ಬಾಟಲಿ, ಲಾಂಡ್ರಿ ಇವನ್ನು ನೋಡಿ. ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿದ್ದರೆ ತೆಗೆಸಿ. ಅದನ್ನು ಹಾಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆ ದುಡ್ಡನ್ನು ಮೂರು ಹೊತ್ತೂ ಬಡಿಸಿದ ಹುಡುಗನ ಕೈಗೇ ಕೊಡುತ್ತೇನೆ.